ಕಳೆದಿಲ್ಲ, ಕಳುವಾಗಿಲ್ಲ, ಇಸ್ತ್ರಿಯಾಗಿದೆ

ಪ್ರೀಪೇಯ್ಡ್ ಕಾರ್ಡುಗಳ ಮೇಲೆ ಕಣ್ಣಿಡಲೆಂದೇ ನೇಮಕವಾಗಿರುವ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಹಣಕ್ಕೆ ಬೀಗ ಹಾಕಿಟ್ಟುಕೊಂಡಿರುವ ಪ್ರೀಪೇಯ್ಡ್ ಕಾರ್ಡಿನ ಕಂಪನಿಯವರು, ಆ ಹಣವನ್ನು ನಾನು ಖರ್ಚು ಮಾಡುತ್ತಿಲ್ಲವೆಂದು ನನಗೇ ದಂಡ ಹಾಕಿದ್ದಾರೆ. ದೂರು ಇಷ್ಟೇ. ನೀವು ಕೆಲಸ ಜಾಸ್ತಿ ಇರುವವರು, ಹಾಗಾಗಿ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಇಷ್ಟು ಓದಿ, 'ಸಂಬಂಧಪಟ್ಟವರಿಗೆ ಕಳುಹಿಸಿ' ಎಂದು ಅಂಚಿನಲ್ಲಿ ಗೀಚಿ ಪಕ್ಕಕ್ಕಿಡುವ ಮನಸ್ಸಾದರೆ ದಯವಿಟ್ಟು ತಡೆಯಿರಿ. ಸಂಬಂಧಪಟ್ಟವರು ನೀವೇ. ಇದನ್ನು ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿರುವುದೂ ಅದಕ್ಕೇ. ನಿಮ್ಮ ಮೇಜಿನ ಮೇಲೆ ಕಾಗದಗಳು ಒಂದರ ಕೆಳಗೊಂದು ಮಲಗುತ್ತವಂತೆ, ಬಯಲಲ್ಲಿಟ್ಟ ಕಾಗದ ಅಷ್ಟು ಸುಲಭವಾಗಿ ಮಲಗುವುದಿಲ್ಲ.

ಆ ಕಂಪನಿಯ ಸಂದೇಶವನ್ನು ಇದ್ದ ಹಾಗೆಯೇ ಬರೆಯುತ್ತೇನೆ: 'ಪ್ರಿಯ ಗ್ರಾಹಕರೇ, ತಾವು ನಿಗದಿತ ಅವಧಿಯಲ್ಲಿ ಕಾರ್ಡನ್ನು ಒಮ್ಮೆಯೂ ಬಳಸದೇ ಇರುವುದರಿಂದ ನಿಷ್ಕ್ರಿಯತಾ ಶುಲ್ಕವನ್ನು ಕಡಿತಗೊಳಿಸಲಾಗಿದೆ. ನಮ್ಮೊಂದಿಗಿರುವುದಕ್ಕೆ ಧನ್ಯವಾದಗಳು.' ಸ್ವಾಮಿ, ಮನೆಗೆ ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡವರು, 'ನೀವು ಮನೆಯೊಳಗೆ ವಾಸ ಮಾಡುತ್ತಿಲ್ಲ' ಎಂದು ದಂಡ ಕೇಳಿದರೆ ಅದಕ್ಕೆ ಏನೆನ್ನುತ್ತಾರೆ? ಸಿಟ್ಟು ಬಂತೇ ಎಂದು ಕೇಳಿದರೆ, ಬಂತು. ಆಮೇಲೆ ನಗು ಬಂತು. 'ನಿಷ್ಕ್ರಿಯತೆ' ಎಂಬ ಪದವನ್ನು ನಾನು ಮೂರು ಸಲ ಓದಬೇಕಾಯಿತು. ಹಳ್ಳಿ ಶಾಲೆಯಲ್ಲಿ ಏಳರವರೆಗೆ ಓದಿದವಳು ನಾನು. ಬೆಳಿಗ್ಗೆ ಏಳುವುದು ಹಕ್ಕಿಗಳಿಗಿಂತ ಮುಂಚೆ, ದೇವರ ಮುಂದೆ ಕೂತು ಎದ್ದು, ಅನ್ನ ಬೇಯಿಸಿಟ್ಟು, ದಿನವಿಡೀ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿಯ ಉರುಳೆಯ ಮುಂದೆ ನಿಂತು ದುಡಿಯುವವಳು. ಐವತ್ತು ವರ್ಷದಲ್ಲಿ ನನ್ನನ್ನು ಬಾಯಿಬಡುಕಿ, ಮೊಂಡು, ಜಿಪುಣಿ ಎಂದೆಲ್ಲ ಕರೆದಿದ್ದಾರೆ. ನಿಷ್ಕ್ರಿಯ ಎಂದು ಕರೆದವರು ಇವರೇ ಮೊದಲು.

ಇದು ಬರೀ ದಂಡದ ಮಾತಾಗಿದ್ದರೆ ದೇವರ ಹುಂಡಿಗೆ ಹಾಕಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ಬೀಗದಿಂದಾಗಿ ನನ್ನ ಅತ್ತೆಯವರು, ಅಂದರೆ ನನ್ನ ಗಂಡನ ತಾಯಿ, ಬೇರೊಂದು ಊರಿನಲ್ಲಿ ಕೂತುಬಿಟ್ಟಿದ್ದಾರೆ. ಬರುವುದಿಲ್ಲ ಎನ್ನುತ್ತಿದ್ದಾರೆ. ಅವರನ್ನು ಮನೆಗೆ ಕರೆತರುವುದು ಈಗ ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಹೇಗೆಂದು ಹೇಳುತ್ತೇನೆ.

ಮೊದಲು ಒಂದು ಮಾತು. ನಾನು ಕಾರ್ಡುಗಳ ಶತ್ರುವಲ್ಲ. ಹೊಸದೇನು ಬಂದರೂ ಬೈಯುವ ಹೆಂಗಸು ಎಂದುಕೊಳ್ಳಬೇಡಿ. ಪ್ರೀಪೇಯ್ಡ್ ಕಾರ್ಡು ಎಂದರೆ ಮುಂಚೆ ಹಣ ತುಂಬಿಸಿ, ಆಮೇಲೆ ಬಳಸುವುದು. ನನ್ನಂಥವಳಿಗೆ ಇದಕ್ಕಿಂತ ಹೊಂದುವ ವಸ್ತು ಇಲ್ಲ. ಸಾಲ ಕೊಡುವುದಿಲ್ಲ, ಆಸೆ ಹುಟ್ಟಿಸುವುದಿಲ್ಲ. ತುಂಬಿಸಿದ್ದು ಮುಗಿಯಿತೋ, ಕೈ ಮುಗಿದು ಸುಮ್ಮನಾಗುತ್ತದೆ. ಯಾರಾದರೂ ಮೋಸ ಮಾಡಿದರೂ ಅದರಲ್ಲಿದ್ದಷ್ಟೇ ಹೋಗುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವ ಕಷ್ಟಕಾಲದ ಹಣ ಹೋಗುವುದಿಲ್ಲ. ನನ್ನ ಪಕ್ಕದಲ್ಲಿ ಹಾಸಿಗೆಬಟ್ಟೆ ಮಡಚುವವಳೊಬ್ಬಳಿದ್ದಾಳೆ, ಸಂಬಳದ ದಿನ ಗಂಡನಿಗೆ ಹೆದರಿ ನೋಟುಗಳನ್ನು ಕಾಲುಚೀಲದಲ್ಲಿಟ್ಟುಕೊಂಡು ಕುಂಟುತ್ತಾ ಮನೆಗೆ ಹೋಗುತ್ತಿದ್ದಳು. ಕಾರ್ಡು ಬಂದ ಮೇಲೆ ನೆಟ್ಟಗೆ ನಡೆದಳು. 'ಗುಟ್ಟಿನ ಅಂಕಿ ನನ್ನ ತಲೇಲಿದೆ, ತಲೆ ಬಿಚ್ಚಿ ನೋಡ್ಲಿ' ಎನ್ನುತ್ತಿದ್ದಳು. ಇಷ್ಟು ಒಳ್ಳೆಯದು ಮಾಡಿದ ವಸ್ತುವನ್ನು ನಾನೇಕೆ ಬೈಯಲಿ? ಕತ್ತರಿ ಚೆನ್ನಾಗಿದೆ. ಅದನ್ನು ಹಿಡಿದ ಕೈಗಳ ಮೇಲೆ ನನ್ನ ತಕರಾರು.

ಈಗ ಅತ್ತೆಯ ವಿಷಯ. ಅವರಿಗೆ ಒಬ್ಬ ತಂಗಿ, ನನ್ನ ಚಿಕ್ಕತ್ತೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿದ್ದಾರೆ. ಇಬ್ಬರಿಗೂ ಫೋನಿನಲ್ಲಿ ಜಗಳವಾಡದೆ ಹೊಟ್ಟೆ ತುಂಬುವುದಿಲ್ಲ. ಚಿಕ್ಕತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಗ ಅವರು ಹಟ ಹಿಡಿದರು: ಅಕ್ಕ ಬಂದು ಪಕ್ಕದಲ್ಲಿ ನಿಂತು ಪ್ರಾರ್ಥನೆ ಹೇಳದಿದ್ದರೆ ಮೇಜಿನ ಮೇಲೆ ಮಲಗುವುದಿಲ್ಲ. ಒಮ್ಮೆ ಆಗಲೇ ಹೀಗೆ ಎದ್ದು ಬಂದಿದ್ದರು. ಡಾಕ್ಟರು ಹೇಳಿದ್ದರಂತೆ, 'ಈ ಸಲವೂ ಎದ್ದು ಹೋದರೆ ಅಜ್ಜಿ, ಆಮೇಲೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನಿಮಗೆ ಕಾಣೋದಿಲ್ಲ.' ಹಾಗಾಗಿ ಅತ್ತೆ ಹೋಗಲೇಬೇಕು. ನನ್ನ ಗಂಡ ಹಡಗಿನಲ್ಲಿ ಅಡುಗೆಯವರು, ವರ್ಷದ ಬಹುಪಾಲು ನೀರಿನ ಮೇಲೆ. ಮಗಳು ಗಂಡನ ಜೊತೆ ಅದಕ್ಕೂ ದೂರ. ಮನೆಯಲ್ಲಿ ಇರುವುದು ನಾನು, ಅತ್ತೆ, ದೇವರು. ಏರ್ಪಾಟು ಮಾಡಬೇಕಾದವಳು ನಾನೇ.

ಆ ಊರಿಗೆ ರೈಲಿಲ್ಲ. ಇರುವುದು ಒಂದೇ ಬಸ್ಸು ಕಂಪನಿ, ಅದು ನಗದು ಮುಟ್ಟುವುದಿಲ್ಲ. ಕಿಟಕಿಯ ಮೇಲೆ ದೊಡ್ಡದಾಗಿ 'ಕಾರ್ಡು ಮಾತ್ರ' ಎಂದು ಬರೆದಿದ್ದಾರೆ. ಯಾವ ಕಾರ್ಡಿನಿಂದ ಟಿಕೇಟು ತೆಗೆದಿರೋ ಅದೇ ಕಾರ್ಡನ್ನು ಹತ್ತುವಾಗ ತೋರಿಸಬೇಕು. ಇದನ್ನು ಮೂಲೆ ಅಂಗಡಿಯವನಿಗೆ ಹೇಳಿದೆ. ಅವನು ಒಂದು ಕಾರ್ಡು ತೆಗೆದು, ನನ್ನ ಫೋನ್ ನಂಬರು ಕೇಳಿ, ನಾನು ಕೊಟ್ಟ ನೋಟುಗಳನ್ನೆಲ್ಲ ಯಂತ್ರದೊಳಗೆ ತುಂಬಿಸಿ, 'ಇಷ್ಟೇ ಅಕ್ಕಾ, ನಿಮ್ಮತ್ತೆಯವರು ಇನ್ನು ರಾಣಿ ಹಾಗೆ ಹೋಗ್ಬಹುದು' ಎಂದ. ಅವನ ಮಾತಿನ ಚಂದ ನೋಡಿ ನನ್ನ ಜೊತೆ ದುಡಿಯುವ ನಾಲ್ವರು ಹೆಂಗಸರೂ ಒಂದೊಂದು ಕಾರ್ಡು ತೆಗೆದುಕೊಂಡರು. ಅವರು ತುಂಬಿಸಿದ್ದು ತರಕಾರಿಗೋ, ಗಂಡನಿಂದ ಬಚ್ಚಿಡಲೋ ಆಗುವಷ್ಟು. ನಾನು ತುಂಬಿಸಿದ್ದು ಅತ್ತೆಯ ಹೋಗಿಬರುವ ಖರ್ಚು ಪೂರ್ತಿ, ಆಸ್ಪತ್ರೆಯ ಬಳಿ ಊಟ ತಿಂಡಿ ಸಮೇತ.

ಅತ್ತೆ ಕಾರ್ಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇದರೊಳಗೆ ದುಡ್ಡಿದೆಯಾ?"

"ಇದೆ ಅತ್ತೆ."

"ಸದ್ದೇ ಇಲ್ಲ."

"ಸದ್ದು ಮಾಡೋಕೆ ಅದೇನು ಡಬ್ಬೀನಾ?"

"ಸದ್ದು ಮಾಡದೆ ಇರೋ ದುಡ್ಡನ್ನ ನಾನು ನಂಬಲ್ಲಮ್ಮ. ನೀನೇ ಇಟ್ಕೋ, ಹೊರಡೋ ದಿನ ಕೊಡು. ನಾನಿಟ್ರೆ ಎಲ್ಲಿಟ್ಟೆ ಅಂತ ದೇವರನ್ನೇ ಕೇಳ್ಬೇಕಾಗುತ್ತೆ."

ಇಟ್ಟುಕೊಂಡೆ. ಎಲ್ಲಿ? ಬೇರೆಲ್ಲಿ, ಕಾರ್ಖಾನೆಯ ಏಪ್ರನ್ನಿನ ಕಿಸೆಯಲ್ಲಿ. ಯಾವಾಗಲೂ ಮೈಮೇಲೆ ಇರುತ್ತದಲ್ಲ, ಅದಕ್ಕಿಂತ ಭದ್ರ ಜಾಗ ಯಾವುದು ಎಂದು.

ಇಲ್ಲಿ ನಮ್ಮ ಕಾರ್ಖಾನೆಯ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ನಂಬಿಕೆಯಾಗದು. ಆಸ್ಪತ್ರೆಗಳ, ವಸತಿಗೃಹಗಳ ಬಟ್ಟೆ ಗಂಟುಗಂಟಾಗಿ ಬರುತ್ತದೆ. ಬಾಗಿಲ ಹತ್ತಿರದ ಉದ್ದ ಮೇಜಿನ ಬಳಿ ಒಬ್ಬಾಕೆ ನಿಂತು ಪ್ರತಿಯೊಂದು ಕೋಟಿನ, ಪ್ರತಿಯೊಂದು ಅಂಗಿಯ ಕಿಸೆಗೂ ಕೈ ಹಾಕಿ ನೋಡುತ್ತಾಳೆ. ಆಕೆಯನ್ನು ನಾವು ಕಿಸೆಯಕ್ಕ ಎಂದೇ ಕರೆಯುವುದು. ಆಕೆಗೆ ಸಿಗದ ವಸ್ತುವಿಲ್ಲ. ಡಾಕ್ಟರ ಪೆನ್ನು, ಜ್ವರ ನೋಡುವ ಕಡ್ಡಿ, ಚದುರಂಗದ ಕುದುರೆ, ಒಮ್ಮೆ ಮೇಲ್ದವಡೆಯ ಹಲ್ಲುಸೆಟ್ಟು, ಕೆಳದವಡೆಯದು ಮರುವಾರ ಬಂತು. ಎಲ್ಲವನ್ನೂ ಒಂದು ಗೂಡಿನಲ್ಲಿಟ್ಟು, ಬಂದ ದಾರಿಯಲ್ಲೇ ವಾಪಸು ಕಳಿಸುತ್ತೇವೆ. ಆದರೆ ವಾರದ ಕೊನೆಗೆ ನಮ್ಮದೇ ಏಪ್ರನ್ನುಗಳ ಗಂಟು ಬಂದಾಗ ಕಿಸೆಯಕ್ಕ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ. ನಮ್ಮ ನಮ್ಮ ಕಿಸೆ ನಾವೇ ಖಾಲಿ ಮಾಡಿ ಹಾಕಬೇಕು. ಯಾರೋ ಕಾಣದವರ ಕಿಸೆಗೆ ಕೈ ಹಾಕುವುದು ಕೆಲಸ, ಜೊತೆಯಲ್ಲಿ ಕೂತು ಉಣ್ಣುವವಳ ಕಿಸೆಗೆ ಕೈ ಹಾಕುವುದು ಅವಮಾನ ಎಂದು ಆಕೆಯ ಲೆಕ್ಕ. ಆಕೆ ಮಾತ್ರವಲ್ಲ, ನಾವೆಲ್ಲರೂ ಒಪ್ಪಿದ ಮರ್ಯಾದೆ ಅದು. ನಾವು ಆ ಕಟ್ಟಡಕ್ಕೆ ಬರುವ ಮುಂಚಿನಿಂದಲೂ ಇದೆ.

ಆ ಮರ್ಯಾದೆಯಿಂದ ಇಷ್ಟು ವರ್ಷ ಒಂದು ಕೆಡುಕೂ ಆಗಿರಲಿಲ್ಲ, ಏಕೆಂದರೆ ನಮ್ಮ ಕಿಸೆಗಳಲ್ಲಿದ್ದದ್ದು ಚಿಲ್ಲರೆ. ಚಿಲ್ಲರೆ ಭಾರವಾಗಿರುತ್ತದೆ, ಏಪ್ರನ್ ಬಿಚ್ಚುವಾಗಲೇ ಮಂಡಿಗೆ ಬಡಿಯುತ್ತದೆ. ಹಾಗೂ ಮರೆತರೆ ಒಗೆಯುವ ಯಂತ್ರದೊಳಗೆ ಹೋಗಿ ಬೊಬ್ಬೆ ಹೊಡೆಯುತ್ತದೆ. ಕಾರ್ಡು ಭಾರವೂ ಇಲ್ಲ, ಬಾಯಿಯೂ ಇಲ್ಲ. ಅತ್ತೆ ಹೇಳಿದ್ದೇ ಸರಿ, ಸದ್ದಿಲ್ಲ. ಐದು ಹೆಂಗಸರ ಐದು ಏಪ್ರನ್ನುಗಳು ಬಿಸಿನೀರಿನಲ್ಲಿ ಮಿಂದು, ಒಣಗಿ, ಗಂಜಿ ಕುಡಿದು, ಉರುಳೆಯ ಮುಂದೆ ನನ್ನ ಕೈಗೇ ಬಂದವು. ನಾನೇ ಅಂಚು ಹಿಡಿದು ಒಳಕ್ಕೆ ಕೊಟ್ಟೆ. ಉರುಳೆಯ ಆ ಕಡೆ ಮಡಚುವವಳು ನಿಂತಿದ್ದಳು.

"ಅಕ್ಕಾ, ಕಿಸೆ ಗಟ್ಟಿಯಾಗಿದೆ. ಗಂಜಿ ಜಾಸ್ತಿಯಾಯ್ತಾ?"

ಗಂಜಿಯಲ್ಲ. ಕಿಸೆ ಬಿಚ್ಚಿ ನೋಡಿದರೆ ನನ್ನ ಕಾರ್ಡು ಒಣಗಿದ ಎಲೆಯ ಹಾಗೆ ಸುರುಳಿ ಸುತ್ತಿಕೊಂಡಿದೆ. ಅಂಕಿಗಳೆಲ್ಲ ಕರಗಿ ಏಪ್ರನ್ನಿನ ಒಳಮೈಗೆ ಅಂಟಿಕೊಂಡು ಇರುವೆ ಸಾಲಿನಂತೆ ಕಾಣುತ್ತಿವೆ. ಉಳಿದ ನಾಲ್ವರೂ ತಮ್ಮ ತಮ್ಮ ಏಪ್ರನ್ ಕಿತ್ತುಕೊಂಡು ಕಿಸೆ ತಡವಿದರು. ಐದಕ್ಕೆ ಐದೂ. ಕಿಸೆಯಕ್ಕ ಓಡಿಬಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಆಕೆ ಮೆಲ್ಲಗೆ, "ನನ್ನದೂ ಇದೆ ಕಣ್ರೇ ಇದ್ರಲ್ಲಿ" ಎಂದಾಗ ಯಾರಿಗೋ ನಗು ಕಿತ್ತುಕೊಂಡು ಬಂತು, ಬಂದದ್ದು ನಿಲ್ಲಲಿಲ್ಲ. ಊರಿನ ಅರ್ಧ ಜನರ ಕಿಸೆ ಕಾಯ್ದವಳು ತನ್ನ ಕಿಸೆಯನ್ನು ತಾನೇ ಇಸ್ತ್ರಿಗೆ ಕೊಟ್ಟಿದ್ದಳು! ಮಾನ್ಯರೇ, ತಪ್ಪು ನಮ್ಮದು, ಒಪ್ಪಿದೆವು. ಆದರೆ ಕಾರ್ಡು ಬೆಂದರೆ ಹಣವೂ ಬೇಯುತ್ತದೆಯೇ? ಹಣ ಕಾರ್ಡಿನೊಳಗಿಲ್ಲ, ಕಂಪನಿಯ ಹತ್ತಿರ ಭದ್ರವಾಗಿದೆ ಎಂದು ನೀವೇ ಜಾಹೀರಾತಿನಲ್ಲಿ ಹೇಳುತ್ತೀರಿ. ಆ ಧೈರ್ಯದ ಮೇಲೆ ನಾವು ಊಟದ ಕೋಣೆಯಲ್ಲಿ ಕೂತು, ನನ್ನ ಫೋನನ್ನು ಜೋರು ಮಾಡಿ ನಡುವೆ ಇಟ್ಟು, ಕಂಪನಿಗೆ ಕರೆ ಮಾಡಿದೆವು.

ಯಂತ್ರ ಮಾತಾಡಿತು. 'ಕಾರ್ಡು ಕಳೆದುಹೋಗಿದ್ದರೆ ಒಂದನ್ನು ಒತ್ತಿ. ಕಳುವಾಗಿದ್ದರೆ ಎರಡನ್ನು ಒತ್ತಿ.' ಮೂರು ಇಲ್ಲ.

"ಒಂದು ಒತ್ತು," ಎಂದಳು ಕಿಸೆಯಕ್ಕ.

"ಕೈಲಿ ಹಿಡ್ಕೊಂಡು ಕಳೆದಿದೆ ಅಂತ ಹೇಗೆ ಹೇಳ್ಲಿ?"

"ಹಾಗಾದ್ರೆ ಎರಡು."

"ಯಾರು ಕದ್ರು? ನೀನಾ?"

"ಅಯ್ಯೋ ತಾಯಿ, ದೇವರೇನು ಗುಂಡಿ ಎಣಿಸ್ತಾ ಕೂತಿರ್ತಾನಾ?"

"ಎಣಿಸ್ತಾನೆ. ನನ್ನದಂತೂ ಎಣಿಸ್ತಾನೆ."

ಸುಳ್ಳು ಹೇಳುವ ಗುಂಡಿ ಎರಡಿದ್ದವು, ನಿಜ ಹೇಳುವ ಗುಂಡಿ ಒಂದೂ ಇರಲಿಲ್ಲ. ಯಾವುದನ್ನೂ ಒತ್ತದೆ ಕೂತೆ. 'ತಪ್ಪು ಆಯ್ಕೆ' ಎಂದಿತು ಯಂತ್ರ. ಆಯ್ಕೆಯನ್ನೇ ಮಾಡದವಳಿಗೆ! ಮತ್ತೆ ಮತ್ತೆ ಹೀಗೇ ಆಗಿ, ಕೊನೆಗೆ ಯಂತ್ರಕ್ಕೇ ಬೇಸರವಾಗಿ ಒಂದು ಹುಡುಗಿಯ ದನಿಗೆ ದಾಟಿಸಿತು. ಒಳ್ಳೆಯ ಹುಡುಗಿ, ಅವಳನ್ನು ನಾನು ದೂರುವುದಿಲ್ಲ. ಹೇಳಿಕೊಟ್ಟಿದ್ದನ್ನು ಹೇಳಬೇಕಾದವಳು.

"ಹೇಳಿ ಮೇಡಂ, ಏನಾಗಿದೆ ಕಾರ್ಡಿಗೆ?"

"ಇಸ್ತ್ರಿಯಾಗಿದೆಯಮ್ಮ."

"ಏನಾಗಿದೆ?"

"ಇಸ್ತ್ರಿ. ಕಳೆದಿಲ್ಲ, ಕಳುವಾಗಿಲ್ಲ, ಇಸ್ತ್ರಿಯಾಗಿದೆ."

ಅವಳು ಬಾಯಿ ಮುಚ್ಚಿಕೊಂಡು ನಕ್ಕಿದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಹದಿನಾರು ಅಂಕಿ ಓದಿ ಎಂದಳು. ಅಂಕಿ ಬಟ್ಟೆಗೆ ಹತ್ತಿದೆ, ಓದಲಾಗದು ಎಂದೆ. ಪರವಾಗಿಲ್ಲ, ಫೋನ್ ನಂಬರಿನಿಂದ ಕಾರ್ಡು ಹುಡುಕುತ್ತೇನೆ, ಆದರೆ ಕಾರ್ಡು ನಿಮ್ಮದೇ ಎನ್ನಲು ಕೊನೆಯದಾಗಿ ಎಲ್ಲಿ, ಏನು ಖರೀದಿಸಿದಿರಿ ಹೇಳಿ ಎಂದಳು.

"ಏನೂ ಖರೀದಿಸಿಲ್ಲ."

"ಅದಕ್ಕಿಂತ ಮುಂಚೆ?"

"ಮುಂಚೆನೂ ಇಲ್ಲ. ಅದು ನಮ್ಮತ್ತೆ ಪ್ರಯಾಣಕ್ಕೆ ಅಂತ ಎತ್ತಿಟ್ಟ ದುಡ್ಡು."

"ಹಾಗಾದ್ರೆ ಕಾರ್ಡು ನಿಮ್ದು ಅಂತ ನಾನು ಹೇಗೆ ನಂಬ್ಲಿ ಮೇಡಂ? ಒಂದಾದ್ರೂ ವ್ಯವಹಾರ ಬೇಕು."

ನೋಡಿದಿರಾ? ಹಣವನ್ನು ಪೋಲು ಮಾಡಿದ್ದರೆ ನಾನು ಯಾರೆಂದು ಕಂಪನಿಗೆ ಗೊತ್ತಾಗುತ್ತಿತ್ತು. ಜೋಪಾನವಾಗಿ ಇಟ್ಟುಕೊಂಡದ್ದರಿಂದ ನಾನು ಯಾರೂ ಅಲ್ಲ. ನನ್ನ ತಾಯಿ ಮಕ್ಕಳಿಗೆ ಕಲಿಸಿದ್ದು ಇದರ ಉಲ್ಟಾ. ಆಕೆಗೆ ನಿಮ್ಮ ಕಚೇರಿಯ ಪರಿಚಯ ಇರಲಿಲ್ಲ, ಪಾಪ. ಹೋಗಲಿ, ಮಾರಿದ ಅಂಗಡಿಯವನನ್ನು ಕೇಳಿ, ಅವನಿಗೆ ನನ್ನ ಮುಖ ಗೊತ್ತು ಎಂದೆ. 'ಅಂಗಡಿಯವರು ಮಾರಾಟ ಮಾತ್ರ ಮಾಡ್ತಾರೆ ಮೇಡಂ' ಎಂದಳು. ಹಣ ತೆಗೆದುಕೊಳ್ಳುವಾಗ ಮನುಷ್ಯನ ಮುಖ ನಡೆಯುತ್ತದೆ, ಕೊಡುವಾಗ ನಡೆಯುವುದಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ನಾವು ಬಿಡಲಿಲ್ಲ. ನನ್ನದು ಮುಗಿಯಿತೆಂದು ಕಿಸೆಯಕ್ಕ ಫೋನ್ ಎಳೆದುಕೊಂಡು, "ನಂದೂ ಹೀಗೇ ಆಗಿದೆ" ಎಂದಳು. ಅವಳಾದ ಮೇಲೆ ಮಡಚುವವಳು. ಆಮೇಲೆ ಉಳಿದ ಇಬ್ಬರು. ಒಂದೇ ಫೋನು, ಒಂದೇ ಮಧ್ಯಾಹ್ನ, ಐದು ಹೆಂಗಸರು, ಐದೂ ಕಾರ್ಡು ಇಸ್ತ್ರಿ. ಹುಡುಗಿಯ ನಗು ನಿಂತಿತು. 'ಒಂದು ನಿಮಿಷ' ಎಂದು ಸಂಗೀತ ಕೇಳಿಸಿದಳು. ವಾಪಸು ಬಂದು, ಅನುಮಾನಾಸ್ಪದ ಚಟುವಟಿಕೆಯ ಕಾರಣ ಐದೂ ಕಾರ್ಡುಗಳನ್ನು ತನಿಖೆ ಮುಗಿಯುವವರೆಗೆ ಸ್ಥಗಿತಗೊಳಿಸಲಾಗಿದೆ, ಅಲ್ಲಿಯವರೆಗೆ ನಮಗೆ ಯಾರಿಗೂ ಹೊಸ ಕಾರ್ಡು ಸಿಗುವುದಿಲ್ಲ ಎಂದಳು. ಮಡಚುವವಳು ಅನ್ನದ ಡಬ್ಬಿ ಮುಚ್ಚುತ್ತಾ, "ಬಿಡಿ ಅಕ್ಕಾ, ಇವತ್ತಿಂದ ನಾವು ಗ್ಯಾಂಗು" ಎಂದಳು.

ನಗುವುದು ಮುಗಿದ ಮೇಲೆ ಕೂತು ಲೆಕ್ಕ ಹಾಕಿದೆ. ಚಿಕ್ಕತ್ತೆಯ ಆಪರೇಷನ್ನು ಎದುರಿಗೇ ಇದೆ. ಬಸ್ಸಿನವರು ನಗದು ಮುಟ್ಟರು. ಬೇರೆಯವರ ಕಾರ್ಡಿನಿಂದ ಟಿಕೇಟು ತೆಗೆದರೆ ಹತ್ತುವಾಗ ಅವರ ಕಾರ್ಡು ಅತ್ತೆಯ ಕೈಯಲ್ಲಿರಬೇಕು. ತಮ್ಮ ಕಾರ್ಡನ್ನು ಅಷ್ಟು ದೂರ ಯಾರು ಕೊಟ್ಟು ಕಳಿಸುತ್ತಾರೆ? ಅತ್ತೆಯ ಹೆಸರಿನಲ್ಲೇ ಕಾರ್ಡು ಮಾಡಿಸೋಣವೆಂದರೆ ಅವರಿಗೆ ಸ್ವಂತ ಫೋನಿಲ್ಲ, ಫೋನಿಲ್ಲದವರು ನಿಮ್ಮ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಮನೆಗೆ ಹೋಗಿ ಸುರುಳಿ ಸುತ್ತಿದ ಕಾರ್ಡನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕಾರ್ಡನ್ನು ದೇವರ ದೀಪದ ಪಕ್ಕದಲ್ಲಿಟ್ಟು, "ಅವಳು ಮಲಗಲ್ಲ ಕಣೇ. ನಾನು ಹೋಗದಿದ್ರೆ ಅವಳು ಖಂಡಿತ ಮಲಗಲ್ಲ" ಎಂದಷ್ಟೇ ಹೇಳಿದರು. ಜಗಳವಾಡುವಾಗಲೂ ಇಳಿಯದ ದನಿ ಅವತ್ತು ಇಳಿದಿತ್ತು.

ದಾರಿ ತೋರಿಸಿದ್ದು ನಮ್ಮ ಕಾರ್ಖಾನೆಯ ಮೇಲ್ವಿಚಾರಕಿ. ನಗುವುದು ಅಪರೂಪದ ಹೆಂಗಸು. ಅದೇ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವವರು ನಾವೇ. ನಮ್ಮ ವ್ಯಾನು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತದೆ. ಆದರೆ ಗೇಟಿನ ಕಾವಲುಗಾರ ಚೀಟಿ ಕಟ್ಟದ ಯಾವ ವಸ್ತುವನ್ನೂ ಹೊರಗೆ ಬಿಡುವುದಿಲ್ಲ, ಅದು ಕಾರ್ಖಾನೆಯ ಕಾನೂನು. ಒಗೆದ ಬಟ್ಟೆಗೆ ಹಸಿರು ಚೀಟಿ, ಕೊಳೆಬಟ್ಟೆಗೆ ಕೆಂಪು ಚೀಟಿ. ಮೇಲ್ವಿಚಾರಕಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಹಸಿರು ಚೀಟಿ ತೆಗೆದು, ಸ್ವೆಟರಿನ ಗುಂಡಿಗೆ ತಾವೇ ಕಟ್ಟಿದರು. ಸಾಮಾನನ್ನು ನಾವು ನಗ ಎನ್ನುತ್ತೇವೆ. ಮೇಲೆ ಬರೆದದ್ದು: 'ಒಂದು ನಗ. ಮಡಚಬಾರದು. ಒದ್ದೆಯಾಗದಂತೆ ಇಡಿ.'

ವ್ಯಾನಿನ ಡ್ರೈವರನ್ನು ನಾವು ನಿಧಾನಿ ಎನ್ನುತ್ತೇವೆ. ಅವನು ತಲೆ ಕೆರೆದ. "ಅಮ್ಮಾವ್ರೇ, ಇದು ಸಾಮಾನಿನ ಗಾಡಿ."

"ನಾನೂ ಸಾಮಾನೇ ಕಣಪ್ಪ. ಚೀಟಿ ಓದೋಕೆ ಬರಲ್ವಾ?" ಎಂದು ಅತ್ತೆ ಮುಂದಿನ ಸೀಟಿಗೆ ಹತ್ತಿ ಕೂತರು. ಅಲ್ಲಿ ಕೂರಬೇಕಾಗಿದ್ದ ಹೊರೆ ಇಳಿಸುವವನು ಹಿಂದೆ ಹೋಗಿ, ಆಗ ತಾನೇ ಇಸ್ತ್ರಿಯಾಗಿ ಬಿಸಿಯಾಗಿದ್ದ ಹಾಸಿಗೆಬಟ್ಟೆಗಳ ಮೇಲೆ ಒರಗಿ, ಇಡೀ ಪ್ರಯಾಣ ಗೊರಕೆ ಹೊಡೆದನಂತೆ. ಅತ್ತೆ ದಾರಿಯುದ್ದಕ್ಕೂ ಪ್ರಾರ್ಥನೆ ಹೇಳಿದರಂತೆ. ತಂಗಿಯ ಕಣ್ಣಿಗಾಗಿ ಅರ್ಧ, ನಿಧಾನಿಯ ಗಾಡಿ ಬೇಗ ಹೋಗಲೆಂದು ಅರ್ಧ.

ತಲುಪಿದರು. ಚಿಕ್ಕತ್ತೆ ಮಲಗಿದರು. ಆಪರೇಷನ್ನು ಆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಏನು ಕಾಣುತ್ತೆ ಅಜ್ಜಿ?" ಎಂದು ಕೇಳಿದರಂತೆ. ಚೀಟಿಯಿಲ್ಲದಿದ್ದರೆ ಆಸ್ಪತ್ರೆಯವರು ಹೊರಗೆ ಹಾಕಿಯಾರೆಂದು ಅತ್ತೆ ಅದನ್ನು ಬಿಚ್ಚಿಯೇ ಇರಲಿಲ್ಲ. ಚಿಕ್ಕತ್ತೆ ಕಣ್ಣು ಕಿರಿದು ಮಾಡಿ, ಅಕ್ಕನ ಎದೆಯ ಮೇಲೆ ನೇತಾಡುತ್ತಿದ್ದ ಹಸಿರು ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಒಂದು ನಗ. ಮಡಚಬಾರದು." ಆಮೇಲೆ, "ಇವಳನ್ನ ಮಡಚೋಕೆ ಯಾರಿಂದ ಆಗುತ್ತೆ ಡಾಕ್ಟ್ರೇ!" ಎಂದರಂತೆ. ನಕ್ಕವರಲ್ಲಿ ಇಬ್ಬರ ಕಣ್ಣು ಒದ್ದೆಯಾಗಿದ್ದಕ್ಕೆ ದಾದಿ ಬೈದಳಂತೆ, ಪಟ್ಟಿ ಬಿಚ್ಚಿದ ಕಣ್ಣಲ್ಲಿ ನೀರು ತರಿಸಬಾರದೆಂದು.

ಎರಡನೆಯ ಕಣ್ಣೂ ಆಗಲಿ ಎಂದು ಅತ್ತೆ ಅಲ್ಲೇ ಉಳಿದರು. ಅದೂ ಆಗಿ ಬಹಳ ದಿನವಾಯಿತು. ಇನ್ನು ಬನ್ನಿ, ಅದೇ ವ್ಯಾನಿನಲ್ಲಿ ಬರಬಹುದು ಎಂದೆ. ಇಲ್ಲಿ ನೋಡಿ ಬಂತು ಸಂಕಟ. ಆ ವ್ಯಾನು ಹೋಗುವಾಗ ಒಗೆದ ಬಟ್ಟೆ ಒಯ್ಯುತ್ತದೆ, ಬರುವಾಗ ಆಸ್ಪತ್ರೆಯ ಕೊಳೆಬಟ್ಟೆ ತರುತ್ತದೆ.

"ಹೋಗುವಾಗ ಹಸಿರು ಚೀಟಿ ಕಟ್ಟಿಸ್ಕೊಂಡು ಹೋದವಳು ನಾನು. ಬರುವಾಗ ಕೆಂಪು ಚೀಟಿ ಕಟ್ಟಿಸ್ಕೊಂಡು ಬರ್ತೀನಾ? ಬರಲ್ಲ."

"ಚೀಟಿ ಕಟ್ಟೋದು ಬೇಡ ಅತ್ತೆ, ಮುಂದಿನ ಸೀಟಲ್ಲಿ ತಾನೇ."

"ವಾಸನೆಗೆ ಹಿಂದು ಮುಂದು ಗೊತ್ತಾ? ಮೇಲಾಗಿ, ನನ್ನ ಪ್ರಯಾಣದ ದುಡ್ಡು ಅವರ ಹತ್ರ ಇದೆ. ಅದರಲ್ಲೇ ಬಸ್ಸಲ್ಲಿ, ಕಿಟಕಿ ಪಕ್ಕ ಕೂತು ಬರ್ತೀನಿ. ಇನ್ನೊಬ್ರ ಹಂಗು ಬೇಡ, ಇನ್ನೊಬ್ರ ಕಾರ್ಡೂ ಬೇಡ. ನಮ್ಮ ದುಡ್ಡು ಬಿಡೋದಿಲ್ಲ ಅನ್ನೋಕೆ ಅವರ್ಯಾರು? ಕೇಳು ನೀನು."

ಅದಕ್ಕೇ ಕೇಳುತ್ತಿದ್ದೇನೆ.

ಮಾನ್ಯರೇ, ಈ ಕಾರ್ಡುಗಳ ಮಿತಿಗಳ ಬಗ್ಗೆ ನೀವು ದಪ್ಪ ಪುಸ್ತಕ ಬರೆಸಿರಬಹುದು. ನಾವು ಬಳಸುವವರು ಕಂಡದ್ದು ಸಣ್ಣ ಸಣ್ಣದು. ಅಂಗಡಿಯ ಬಿಲ್ಲಿಗಿಂತ ಕಾರ್ಡಿನಲ್ಲಿ ಒಂದಿಷ್ಟು ಕಡಿಮೆಯಿದ್ದರೆ, ಉಳಿದದ್ದನ್ನು ನಗದಾಗಿ ಕೊಡುತ್ತೇನೆಂದರೂ ಯಂತ್ರ ಒಪ್ಪುವುದಿಲ್ಲ, ಪೂರ್ತಿ ಬೇಡವೆನ್ನುತ್ತದೆ. ತಳದಲ್ಲಿ ಉಳಿದ ಚೂರುಪಾರು ಹಣ ತೆಗೆಯಲೂ ಬಾರದು, ಬಿಡಲೂ ಬಾರದು, ಸೋಪಿನ ಕೊನೆಯ ಚೂರಿನ ಹಾಗೆ. ವಸತಿಗೃಹದ ಮುಂಗಡಕ್ಕೆ ಈ ಕಾರ್ಡು ಕೊಟ್ಟರೆ, ಇದು ಕಾರ್ಡೇ ಅಲ್ಲ ಎನ್ನುವ ಮುಖ ಮಾಡುತ್ತಾರೆ. ಇರಲಿ. ಇವನ್ನೆಲ್ಲ ಹೊಂದಿಸಿಕೊಂಡು ಹೋಗುತ್ತೇವೆ. ಹೊಂದಿಸಿಕೊಂಡು ಹೋಗುವುದು ನಮಗೇನು ಹೊಸದಲ್ಲ. ಆದರೆ ನಿಜ ಹೇಳಿದವಳಿಗೆ ಗುಂಡಿಯೇ ಇಲ್ಲದಿರುವುದು, ಕೂಡಿಟ್ಟವಳಿಗೆ ಗುರುತೇ ಇಲ್ಲದಿರುವುದು, ಐದು ಹೆಂಗಸರು ಒಟ್ಟಿಗೆ ಕೂತು ಒಂದು ಫೋನು ಹಂಚಿಕೊಂಡರೆ ಅದು ಅನುಮಾನವಾಗುವುದು, ಇವು ಮಿತಿಗಳೇ? ನಾವು ಎಲ್ಲವನ್ನೂ ಹಂಚಿಕೊಂಡೇ ಬದುಕುವವರು ಸ್ವಾಮಿ. ಛತ್ರಿ ಹಂಚಿಕೊಳ್ಳುತ್ತೇವೆ, ಊಟ ಹಂಚಿಕೊಳ್ಳುತ್ತೇವೆ, ತಲೆನೋವಿನ ಮಾತ್ರೆಯನ್ನು ಮುರಿದು ಹಂಚಿಕೊಳ್ಳುತ್ತೇವೆ. ಒಬ್ಬರಿಗೆ ಒಂದು ಫೋನು, ಒಂದು ಕೋಣೆ, ಒಂದು ಬಾಗಿಲು ಇರುವವರು ಬರೆದ ನಿಯಮ ನಮ್ಮ ಊಟದ ಕೋಣೆಗೆ ಬಂದು ಕೂತರೆ ಅದಕ್ಕೆ ಎಲ್ಲವೂ ಅನುಮಾನವಾಗಿಯೇ ಕಾಣುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಯಾರದೋ ಹಲ್ಲುಸೆಟ್ಟು ಸಿಕ್ಕರೂ, 'ಇದರಿಂದ ನೀವು ಕೊನೆಯದಾಗಿ ಏನು ಕಚ್ಚಿದಿರಿ' ಎಂದು ನಾವು ಕೇಳುವುದಿಲ್ಲ. ಬಾಯಿಗೆ ಹೊಂದುತ್ತದೆಯೇ ನೋಡಿ ಕೊಡುತ್ತೇವೆ. ನಿಮ್ಮನ್ನೂ ಕೇಳುವುದು ಇಷ್ಟೇ. ಆ ಯಂತ್ರಕ್ಕೆ ಮೂರನೆಯ ಗುಂಡಿ ಇಡಿಸಿ. ಒತ್ತಿದರೆ ಮನುಷ್ಯರು ಮಾತಾಡಲಿ. ಕಾರ್ಡು ಮಾರಿದ ಅಂಗಡಿಯವನ ಸಾಕ್ಷಿಗೂ ಬೆಲೆ ಕೊಡಿಸಿ. ಬೀಗ ಹಾಕಿದ ಕಾರ್ಡಿಗೆ ನಿಷ್ಕ್ರಿಯತೆಯ ದಂಡ ಹಾಕುವುದನ್ನು ನಿಲ್ಲಿಸಿ. ಹಾಕಿದ್ದನ್ನು ವಾಪಸು ಮಾಡಿಸಿ. ನಮ್ಮ ಐದೂ ಕಾರ್ಡುಗಳ ತನಿಖೆಗೆ ಯಾರನ್ನಾದರೂ ಕಳಿಸಿ, ಬಂದವರಿಗೆ ಉರುಳೆ ತೋರಿಸುತ್ತೇವೆ, ಏಪ್ರನ್ನಿನ ಒಳಮೈ ತೋರಿಸುತ್ತೇವೆ, ಅಂಕಿಗಳು ಇನ್ನೂ ಅಲ್ಲೇ ಇವೆ, ಎಷ್ಟು ಒಗೆದರೂ ಹೋಗಿಲ್ಲ. ಬಂದವರು ತಮ್ಮ ಕಿಸೆ ಖಾಲಿ ಮಾಡಿಕೊಂಡು ಬರಲಿ. ಇಸ್ತ್ರಿ ಮಾಡಿದ ಕೂಲಿ ನಾವು ಕೇಳುವುದಿಲ್ಲ.

ಜೊತೆಯ ಹೆಂಗಸರು ನನ್ನನ್ನು ಕೆಣಕುತ್ತಾರೆ. 'ಅತ್ತೆ ಇಲ್ಲದ ಮನೆ, ಹಾಯಾಗಿರೋದು ಬಿಟ್ಟು ಕಚೇರಿಗೆ ಕಾಗದ ಬರೀತೀಯಲ್ಲ, ಬುದ್ಧಿ ಇದೆಯಾ?' ಎನ್ನುತ್ತಾರೆ. ಮೊದಲ ವಾರ ಹಾಯಾಗಿಯೇ ಇತ್ತು, ಸುಳ್ಳೇಕೆ ಹೇಳಲಿ, ದೇವರು ಗುಂಡಿ ಎಣಿಸುತ್ತಾನೆ. ಆದರೆ ಬೆಳಗಿನ ಪ್ರಾರ್ಥನೆಯನ್ನು ನಾವಿಬ್ಬರೂ ಸೇರಿ ಹೇಳುವುದು ರೂಢಿ. ನಾನು ಪ್ರತಿದಿನ ಒಂದೇ ಜಾಗದಲ್ಲಿ ಒಂದು ಸಾಲು ಹಾರಿಸುತ್ತೇನೆ. ಅವರು ಪ್ರತಿದಿನ ಕಣ್ಣು ತೆರೆಯದೆಯೇ, 'ಹಾರಿಸಿದೆ' ಎನ್ನುತ್ತಾರೆ. ಈಗ ನಾನು ಆ ಸಾಲು ಹಾರಿಸಿ, ಒಂದು ಗಳಿಗೆ ತಡೆದು ಕಾಯುತ್ತೇನೆ. ಯಾರೂ ಏನೂ ಅನ್ನುವುದಿಲ್ಲ. ದೀಪದ ಪಕ್ಕದಲ್ಲಿ ಆ ಸುರುಳಿ ಕಾರ್ಡು ಮಾತ್ರ ಇದೆ, ಅದಕ್ಕಂತೂ ಮೊದಲಿನಿಂದಲೂ ಸದ್ದಿಲ್ಲ. ನೀವು ಬೀಗ ತೆಗೆದ ಮರುದಿನದ ಬಸ್ಸಿಗೆ, ಕಿಟಕಿ ಪಕ್ಕದ ಒಂದು ಸೀಟು ಸಾಕು. ಮಡಚದೆ, ಒದ್ದೆಯಾಗದಂತೆ ಅವರನ್ನು ನನಗೆ ತಲುಪಿಸಿ.

ಇಂತಿ, ಅತ್ತೆಯ ಬೈಗುಳಕ್ಕಾಗಿ ಕಾದಿರುವ,
ನಿಮ್ಮ ಕಡತದಲ್ಲಿ ಅನುಮಾನಾಸ್ಪದಳೂ ಸಂದೇಶದಲ್ಲಿ ಪ್ರಿಯಳೂ ಆದ
ಒಬ್ಬ ನಿಷ್ಕ್ರಿಯ ಗ್ರಾಹಕಿ
(ದಿನವಿಡೀ ಇಸ್ತ್ರಿಯ ಉರುಳೆಯ ಮುಂದೆಯೇ ಸಿಗುತ್ತೇನೆ)